ಬೋರಲು ಕೊಡ ಮುಳುಗುವುದಿಲ್ಲ

ಹೋದ ಭಾನುವಾರ ಬೆಳಗ್ಗೆ ಎಂಟರ ಸುಮಾರಿಗೆ ನಾನು ಭದ್ರಾವತಿಯ ಹೊರಗೆ, ಕಾಲುವೆ ದಂಡೆಯಲ್ಲಿ, ಬಟ್ಟೆ ಒಗೆಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಿದ್ದೆ. ಬಿಸಿಲು ನನ್ನ ಬೆನ್ನಿಗಿತ್ತು. ನೀರು ಚೆನ್ನಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾತಾಡಿದವರಲ್ಲಿ ಹೆಚ್ಚಿನವರು ಅಲ್ಲಿ ಇರಲೇ ಇಲ್ಲ.

ಅಕ್ಕನ ಮನೆಗೆ ಬಂದಿದ್ದೆ. ಅವರ ಬೀದಿಯ ನಲ್ಲಿಯಲ್ಲಿ ನೀರಿರಲಿಲ್ಲ (ನದಿ ಊರ ನಡುವೆಯೇ ಹರಿಯುತ್ತದೆ, ಅದು ಬೇರೆ ಮಾತು). ಅಂಗನವಾಡಿ ಸಹಾಯಕಿ ನಾಗರತ್ನಮ್ಮ ಖಾಲಿ ಸ್ಟೀಲ್ ಕೊಡ ಹಿಡಿದು ಕೆಳಗಿಳಿದರು. ಅದೇ ಬೀದಿಯ ಶಾಂತಕ್ಕ ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದರು. ಕಡೆಯ ಮೆಟ್ಟಿಲಲ್ಲಿ ಪಾಚಿ. ನಾಗರತ್ನಮ್ಮನ ಎಡಗಾಲು ಮೊದಲು ಜಾರಿತು. ಬಲಗೈ ಶಾಂತಕ್ಕನ ಕಡೆಗೆ ಚಾಚಿತು. ಬೇಕೆಂದೇ ನೀರಿಗೆ ಹಾರುವವರು ಆಸರೆಗೆ ಕೈ ಚಾಚುತ್ತಾರೆಯೇ?

ತಲೆ ಮುಳುಗಿತು. ಮೇಲೆದ್ದಾಗ ಕೊಡವನ್ನು ಬೋರಲು ಮಾಡಿ ಎದೆಗೆ ಅವುಚಿಕೊಂಡಿದ್ದರು. ಗಲ್ಲ ಕೊಡದ ತಳದ ಮೇಲಿತ್ತು. ನೀರು ಎಳೆದುಕೊಂಡು ಹೋಗುತ್ತಿತ್ತು.

ಕಾರ್ಖಾನೆಯಿಂದ ರಿಟೈರ್ ಆದ ಸೆಲ್ವರಾಜ್ ದಂಡೆಯುದ್ದಕ್ಕೂ ಓಡುತ್ತಾ ಕೂಗಿದರು: "ಕೊಡ ಬಿಡಮ್ಮಾ! ಅದು ಕಬ್ಬಿಣ, ಕೆಳಗೆ ಎಳೀತದೆ! ಬಿಡು!"

ಶಾಂತಕ್ಕನೂ ಕೂಗಿದರು. ನಾನೂ ಕೂಗಿದೆ. ಆಕೆ ಬಿಡಲಿಲ್ಲ.

ಮುಂದೆ, ಕಾಲುಸೇತುವೆಯ ಹತ್ತಿರ ನೀರಿನ ಸೆಳೆತ ಕಡಿಮೆ. ಶಾಂತಕ್ಕ ಒದ್ದೆ ಸೀರೆಯೊಂದನ್ನು ತಂದರು. ನಾನೂ ಸೆಲ್ವರಾಜೂ ಒಂದು ತುದಿ ಹಿಡಿದು ಇನ್ನೊಂದನ್ನು ಇಳಿಬಿಟ್ಟೆವು. ಆಕೆ ಒಂದೇ ಕೈಯಲ್ಲಿ ಹಿಡಿದರು. ಇನ್ನೊಂದು ಕೈ ಕೊಡ ಬಿಡಲಿಲ್ಲ.

ದಂಡೆಗೆ ಬಂದ ಮೇಲೆ ಸೆಲ್ವರಾಜ್ ರೇಗಿದರು. "ಏನಮ್ಮಾ ನೀನು, ಜೀವಕ್ಕಿಂತ ಕೊಡ ಹೆಚ್ಚಾ?"

ನಾಗರತ್ನಮ್ಮ ಕೆಮ್ಮುತ್ತಲೇ ಅಂದರು: "ಅದನ್ನ ಬಿಟ್ಟಿದ್ರೆ ಈಗ ಯಾರನ್ನ ಬೈತಿದ್ರಿ ಅಣ್ಣಾ?"

ಉಸಿರು ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಮಾತು ಹೇಳಿದರು. "ನಮ್ಮೂರ ಕೆರೇಲಿ ಹುಡುಗ್ರ ಬೆನ್ನಿಗೆ ಡಬ್ಬ ಕಟ್ಟಿ ಈಜು ಕಲಿಸೋರು. ಹೆಣ್ಮಕ್ಕಳಿಗೆ ಯಾರು ಕಟ್ತಾರೆ? ನೀರಿಗೆ ಹೋದಾಗ ಕೊಡ ಬೋರಲು ಹಾಕ್ಕೊಂಡು ನಾವೇ ತೇಲ್ತಿದ್ವಿ."

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಂಗಳವಾರ ಶಿವಮೊಗ್ಗದಲ್ಲಿ, ದುರ್ಗಿಗುಡಿಯ ಟೀ ಅಂಗಡಿಯಲ್ಲಿ ಒಬ್ಬರು ವಾಟ್ಸಾಪ್ ನೋಡುತ್ತಾ ಹೇಳುತ್ತಿದ್ದರು: "ಭದ್ರಾವತೀಲಿ ಒಬ್ಳು ಕೊಡ ಕಟ್ಕೊಂಡು ಕಾಲುವೆಗೆ ಹಾರಿದ್ಲಂತೆ ಮಾರಾಯ. ಬಿಡು ಬಿಡು ಅಂದ್ರೂ ಬಿಡ್ಲಿಲ್ವಂತೆ!"

"ನಾನು ಅಲ್ಲೇ ಇದ್ದೆ. ಅವರು ಜಾರಿ ಬಿದ್ದಿದ್ದು" ಎಂದೆ.

"ಹೆಂಗಸ್ರ ಮನಸ್ಸು ನಿಮಗೇನ್ ಗೊತ್ತು ಸಾರ್?"

(ಕಣ್ಣಾರೆ ಕಂಡವನಿಗಿಂತ ವಾಟ್ಸಾಪ್‌ಗೆ ಹೆಚ್ಚು ಗೊತ್ತು.)

ಸಂಜೆ ಅಕ್ಕ ಫೋನ್ ಮಾಡಿದಳು. ಕೆಲವು ತಾಯಂದಿರು ಅಂಗನವಾಡಿಗೆ ಹೋಗಿ, "ಸಾಯಕ್ಕೆ ಹೋದೋಳ ಕೈಗೆ ಮಕ್ಕಳನ್ನ ಹೆಂಗೆ ಬಿಡೋದು?" ಎಂದು ಕೇಳಿದ್ದಾರೆ. ಸದ್ಯಕ್ಕೆ ಬರಬೇಡಿ ಎಂದು ನಾಗರತ್ನಮ್ಮನಿಗೆ ಹೇಳಲಾಗಿದೆ. ಅವರ ಮನೆ ನಡೆಯುವುದೇ ಆ ಕೆಲಸದಿಂದ.

ಆಕೆ ಹಾರಿದ್ದಕ್ಕೆ ಕೊಡವೇ ಸಾಕ್ಷಿ ಅನ್ನುವುದಾದರೆ, ಸರಿ, ಕೊಡವನ್ನೇ ವಿಚಾರಿಸೋಣ.

ನೀರಿಗಿಳಿದ ವಸ್ತು ತಾನು ಹಿಡಿಯುವ ಜಾಗದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಗೆ ಸರಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ವಸ್ತುವಿನ ತೂಕ ಆ ಬಲಕ್ಕಿಂತ ಹೆಚ್ಚಿದ್ದರೆ ಮುಳುಗುತ್ತದೆ, ಇಲ್ಲವಾದರೆ ತೇಲುತ್ತದೆ. ಸ್ಟೀಲಿನ ತುಂಡು ಮುಳುಗುತ್ತದೆ, ನಿಜ. ಆದರೆ ಬೋರಲು ಕೊಡ ಬರೀ ಸ್ಟೀಲಲ್ಲ. ಒಳಗೆ ಸಿಕ್ಕಿಕೊಂಡ ಗಾಳಿಯೂ ಜಾಗ ಹಿಡಿಯುತ್ತದೆ. ಹತ್ತು ಲೀಟರಿನ ಕೊಡ ಪೂರ್ತಿ ಒಳಗೆ ಒತ್ತಿದರೆ ಹೆಚ್ಚುಕಡಿಮೆ ಹತ್ತು ಕೆ.ಜಿ. ನೀರನ್ನು ಸರಿಸುತ್ತದೆ. ಕೊಡದ ತೂಕ ಒಂದೆರಡು ಕೆ.ಜಿ. ಮಿಕ್ಕ ಬಲವೆಲ್ಲ ಅಪ್ಪಿಕೊಂಡವರ ಪಾಲು. ಮನುಷ್ಯನ ಮೈ ಸುಮಾರಾಗಿ ನೀರಿನಷ್ಟೇ ಭಾರ. ತಲೆ ಮೇಲಿರಲು ಅಷ್ಟು ಬಲ ಸಾಕು.

ಒಂದೇ ಷರತ್ತು. ಕೊಡದ ಬಾಯಿ ಓರೆಯಾಗಬಾರದು. ಓರೆಯಾದರೆ ಗಾಳಿ ಗುಳುಗುಳು ಹೊರಟು ನೀರು ನುಗ್ಗುತ್ತದೆ. ಅಂದರೆ ಆ ಸೆಳೆತದಲ್ಲಿ, ನಮ್ಮೆಲ್ಲರ ಕೂಗಾಟದಲ್ಲಿ, ಆಕೆ ಕೊಡವನ್ನು ಅಲುಗದಂತೆ ನೇರವಾಗಿ ಹಿಡಿದಿದ್ದರು. ಸಾಯಹೊರಟವರಿಗೆ ಈ ಎಚ್ಚರ ಯಾಕೆ ಬೇಕು?

ನನ್ನನ್ನು ನಂಬಬೇಡಿ. ಬಕೆಟ್ ನೀರಿನಲ್ಲಿ ಒಂದು ಸ್ಟೀಲ್ ಲೋಟವನ್ನು ಬೋರಲು ಹಾಕಿ ಒತ್ತಿ. ಅದು ನಿಮ್ಮ ಅಂಗೈಯನ್ನು ಹೇಗೆ ಮೇಲಕ್ಕೆ ದೂಡುತ್ತದೆ ನೋಡಿ.

"ಹೆಂಗಸಿನ ವಿಷಯ, ಬರೀಬೇಡಿ" ಎಂದು ಸ್ನೇಹಿತರೊಬ್ಬರು ಬುದ್ಧಿ ಹೇಳಿದರು. ನಾಗರತ್ನಮ್ಮನನ್ನೇ ಕೇಳಿದೆ. "ಹೆಸರು ಹಾಕೇ ಬರೀರಿ. ಮುಚ್ಚಿಟ್ರೆ ಹಾರಿದ್ದು ನಿಜ ಅಂತಾರೆ" ಎಂದರು. ಬರೆದಿದ್ದೇನೆ. ಒಂದು ಸಾಲನ್ನೂ ಹೊಡೆದುಹಾಕಿಲ್ಲ.

ನೋಡಿದವರು ಇಷ್ಟು ಜನ. ಶಾಂತಕ್ಕ ಬದುಕಿದ್ದಾರೆ. ಸೆಲ್ವರಾಜ್ ಬದುಕಿದ್ದಾರೆ, "ನಾನು ಕೂಗಿದ್ದು ತಪ್ಪು ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ" ಎನ್ನುತ್ತಾರೆ. ನಾನೂ ಬದುಕಿದ್ದೇನೆ. ನಾಗರತ್ನಮ್ಮನೂ ಬದುಕಿದ್ದಾರೆ, ಅಂಗನವಾಡಿಯ ಎದುರು ಬೀದಿಯಲ್ಲೇ. ತಾಯಂದಿರೇ, ನಿಮ್ಮಲ್ಲಿ ಒಬ್ಬರಾದರೂ ಅವರನ್ನು ಕೇಳಿದಿರಾ?