ಮೊದಲು ಹೇಳಿದವರು ಯಾರು

ಆಪಾ ಕೊನೆಯ ಸಲ ಶಾಲೆಗೆ ಬಂದ ದಿನ ನಾನು ಗೆದ್ದಿದ್ದೆ. ಎಂಥ ಗೆಲುವು ಎಂದು ತಿಳಿಯಬೇಕಾದರೆ ನಮ್ಮ ಶಾಲೆಯ ರೂಢಿ ಹೇಳಬೇಕು.

ಶಹಾಪುರದ ಆಚೆ, ಕಾಲುವೆಗೆ ನೀರು ಬಂದ ಮೇಲೆ ಬೆಳೆದ ಓಣಿಯಲ್ಲಿ, ಮುಸ್ಲಿಂ ಮಕ್ಕಳ ಸಣ್ಣ ಶಾಲೆ. ಮಕ್ಕಳೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಟೀಚರು ಅಲ್ಲಿ ಧರ್ಮದ ಪಾಠ ಹೇಳುತ್ತಿದ್ದರು. ನಾನು ಸಗರದ ಕುರಿಗಾರರ ಮನೆಯವನು. ಕನ್ನಡ ಕಲಿಸಲು ಸೇರಿದ್ದೆ. ಮೊದಲ ದಿನವೇ ಮಕ್ಕಳು ಗೇಟಿಗೆ ಓಡಿ ಬಂದು "ನಮಸ್ಕಾರ್ರಿ ಸರ" ಅಂದರು. ನನ್ನ ವರ್ಚಸ್ಸು ನನಗಿಂತ ಮೊದಲೇ ಶಾಲೆ ಮುಟ್ಟಿದೆ ಎಂದು ಎದೆ ಉಬ್ಬಿಸಿ ನಡೆದೆ. ನನ್ನ ಹಿಂದೆಯೇ ಹಾಲಿನವನು ಬಂದ. ಅವನಿಗೂ ಅಷ್ಟೇ ಜೋರಾಗಿ ಸಲಾಂ ಬಿತ್ತು.

"ದೊಡ್ಡೋರು ಸಣ್ಣೋರು ನೋಡಂಗಿಲ್ರಿ ಸರ," ಅಂದರು ಆಪಾ. "ಯಾರು ಮೊದಲು ಸಲಾಂ ಹೇಳ್ತಾರ, ಅವರಿಗಿ ಸವಾಬ್ ಜಾಸ್ತಿ. ನಿಮ್ಮ ಪುಣ್ಯ ಇದ್ದಂಗ. ಇದೊಂದು ರೂಢಿ ಆದ್ರ ಸೊಕ್ಕು ತಾನಾ ಇಳೀತದ."

ಮಕ್ಕಳ ಸೊಕ್ಕಿನ ಮಾತನ್ನು ನನ್ನ ಮುಖ ನೋಡಿಕೊಂಡು ಏಕೆ ಹೇಳಿದರೋ.

ಅಂದಿನಿಂದ ನನಗೂ ಹಟ ಹುಟ್ಟಿತು. ಒಂದು ದಿನವಾದರೂ ಆಪಾಗಿಂತ ಮೊದಲು ನಾನೇ ಹೇಳಬೇಕು. ಬೇವಿನ ಗಿಡದ ಹಿಂದೆ ಅಡಗಿ ನಿಂತರೆ, "ನಮಸ್ಕಾರ್ರಿ ಸರ, ಹೊಟ್ಟಿ ಹೊರಗ ಕಾಣಾಕತ್ತದ" ಅನ್ನುತ್ತ ಒಳಗೆ ಹೋಗುವರು. ವರ್ಷಗಟ್ಟಲೆ ಸೋತೆ.

ಆ ದಿನ ಆಪಾ ಕಾಲುವೆಯ ಸೇತುವೆ ಮೇಲೆ ಕಂಬಿ ಹಿಡಿದು ನಿಂತು ನಿಂತು ಬಂದರು. ನಾನು ಎದುರಿಗೇ ಹೋಗಿ "ನಮಸ್ಕಾರ್ರಿ ಆಪಾ" ಅಂದೆ. ಸ್ವಲ್ಪ ಹೊತ್ತು ಅವರಿಗೆ ಮಾತು ಹೊರಡಲಿಲ್ಲ. ಆಮೇಲೆ ನಕ್ಕರು.

"ಗೆದ್ರಿ ಬಿಡ್ರಿ. ಮಕ್ಕಳಿಗಿ ಹೇಳಬ್ಯಾಡ್ರಿ ಮತ್ತ."

ಊಟದ ಗಂಟೆಯೊಳಗೆ ಎಲ್ಲ ತರಗತಿಗೂ ಡಂಗುರ ಸಾರಿದ್ದೆ. ಮೂರನೇ ತರಗತಿಯ ಶಬಾನಾ ಮಾತ್ರ ಕೇಳಿದಳು: "ಆಪಾಗ ದಮ್ಮು ಹತ್ತಿತ್ತೇನ್ರಿ ಸರ?" ಸೋತ ಪಕ್ಷದ ಸಬೂಬು ಎಂದುಕೊಂಡು ನಾನು ಮೀಸೆ ತಿರುವಿದೆ.

ಅಂದು ರಾತ್ರಿಯೇ ಆಪಾರನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಜೀವಂತ ತಿರುಗಿ ಬರಲಿಲ್ಲ.

ಈ ಮುಂಜಾನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗೇಟು ಹಿಡಿದು ಅಳುತ್ತಿದ್ದಳು. ಬಗ್ಗಿ, ಅವಳಿಗಿಂತ ಮೊದಲು, ನನ್ನ ಒರಟು ನಾಲಗೆಯಲ್ಲಿ "ಅಸ್ಸಲಾಮು ಅಲೈಕುಮ್" ಅಂದೆ. ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ಅಳು ನಿಲ್ಲಿಸಿ ನಕ್ಕಳು. ಅಭ್ಯಾಸ ಬಲದಿಂದ ಸೇತುವೆಯ ಕಡೆ ತಿರುಗಿ ನೋಡಿದೆ.

ಈಗ ಮೊದಲು ಹೇಳುವುದು ನನಗೆ ಕಷ್ಟವಲ್ಲ. ಆ ದಿನ ನಾನು ನಿಜವಾಗಿ ಗೆದ್ದಿದ್ದೆನೋ ಇಲ್ಲವೋ ಎಂದು ಹೇಳಲು ಆಪಾ ಇಲ್ಲ.