ಬೂದಿ ಇಲ್ಲದ ಬೆಂಕಿ

ಮಾದೇವಿ, ನಿನ್ನ ಹಿತ್ತಲಿನ ಸಗಣಿ ಗ್ಯಾಸು ತಾನಾಗಿ ಕೆಡಲಿಲ್ಲ. ಕೆಡಿಸಿದವಳು ನಾನು — ನಿನ್ನ ಓರಗಿತ್ತಿ, ಹಿರಿಸೊಸೆ, ಊರಿಗೆಲ್ಲ ಬುದ್ಧಿ ಹೇಳುವವಳು.

ಆ ವರ್ಷ ಪಣಕಹಳ್ಳಿಗೆ ಒಂದು ತಂಡ ಬಂದಿತ್ತಲ್ಲ — ದೇಶಕ್ಕೆ ಎಷ್ಟು ಇಂಧನ ಬೇಕು, ಕಡಲಾಚೆಯಿಂದ ತರಿಸುವುದೆಷ್ಟು, ನಮ್ಮ ನೆಲದಲ್ಲೇ ಹುಟ್ಟಿಸಬಹುದಾದದ್ದೆಷ್ಟು ಎಂದು ಅಳೆಯಲು. ಒಂದು ಒಲೆಯನ್ನೂ ಬಿಡದೆ ಇಣುಕಿದರು. ನಮ್ಮ ಅಡುಗೆಮನೆಗೂ ಎಲ್ಲಿಯೋ ತೇಲುವ ಹಡಗಿಗೂ ನಂಟಿದೆಯೆಂದು ನನಗೆ ತಿಳಿದದ್ದೇ ಆವತ್ತು. ಬಾಯಿ ಬಿಟ್ಟುಕೊಂಡು ಕೂತಿದ್ದೆ. ಪರೀಕ್ಷೆಗೆಂದು ಊರಿಗೆ ಒಂದೇ ಗ್ಯಾಸಿನ ಗುಂಡಿ ಎಂದರು. ನನ್ನ ಹಿತ್ತಲಲ್ಲಿ ಹುಣಸೆಮರದ ನೆರಳು, ನಿನ್ನದರಲ್ಲಿ ಬಿಸಿಲು. ಬಿಸಿಲು ಬೇಕಾದ ಗುಂಡಿ ನಿನ್ನ ಪಾಲಾಯಿತು.

ಮೊದಲ ಸಲ ಉರಿ ಹೊತ್ತಿದ ದಿನ ನೆನಪಿದೆಯೇ? ತಂಡದ ಹುಡುಗಿ ಸೆಲ್ವಿ ಕಡ್ಡಿ ಗೀರಿದಳು — ಅಬ್ಬಾ, ನೀಲಿ! ಹೊಗೆಯಿಲ್ಲ, ನಾತವಿಲ್ಲ. ವರ್ಷವರ್ಷವೂ ಸಗಣಿಯುಂಡೆ ಸುಟ್ಟು ಮನೆಗೆಲ್ಲ ವಿಭೂತಿ ಮಾಡುವ ನಮ್ಮ ಮಾವ ಆ ಒಲೆಯೆದುರು ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

"ಸಗಣೀಲಿ ಬೂದಿ ಬತ್ತದೆ ಅಂತ ಗೊತ್ತಿತ್ತು ಕಣವ್ವ. ಬೂದೀನೇ ಇಲ್ದ ಬೆಂಕಿ ಬತ್ತದೆ ಅಂತ ಗೊತ್ತಿರ್ನಿಲ್ಲ. ಶಿವಶಿವಾ!"

ಕೈ ಮುಗಿದರು. ನನಗೂ ಮೈ ಜುಮ್ಮೆಂದಿತು. ಗುಂಡಿಯೊಳಗೆ ಕಣ್ಣಿಗೆ ಕಾಣದ ಜೀವಗಳಿವೆ, ಅವು ಉಂಡು ಬಿಡುವ ಉಸಿರೇ ಈ ಉರಿ, ಫಿನಾಯಿಲು ಬಿದ್ದರೆ ಸತ್ತುಹೋಗುತ್ತವೆ ಎಂದು ಸೆಲ್ವಿ ಗಡಿಯೂರಿನ ನಮಗೂ ತಿಳಿಯುವ ತಮಿಳಿನಲ್ಲಿ ಬಿಡಿಸಿ ಹೇಳಿದಳು. ಎಂಥ ಸೋಜಿಗ! ಬೆರಗಾಗಿ ಕೇಳಿದೆ. ಎಲ್ಲವನ್ನೂ ನೆನಪಿಟ್ಟುಕೊಂಡೆ.

ಊರವರೆಲ್ಲ ನಿನ್ನ ಒಲೆ ನೋಡಲು ಬರತೊಡಗಿದರು. "ಎಲ್ಲಾ ನಮ್ಮ ಮಾದೇವಿ ಕೈಗುಣ ಕಣ್ಲಾ" ಎಂದು ಮಾವ ಬಂದವರಿಗೆಲ್ಲ ಹೇಳಿದರು. ನನಗೆ ಅದನ್ನು ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚಿಗೆ ಮಾತ್ರ ಯಾವ ದೇಶದಿಂದಲೂ ಏನೂ ತರಿಸಬೇಕಿಲ್ಲ, ನೋಡು. ನೀನು ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಕೊಟ್ಟಿಗೆ ತೊಳೆಯಲು ತಂದಿದ್ದ ಫಿನಾಯಿಲಿನ ಕ್ಯಾನು ಪೂರ್ತಿ —

ಉರಿ ದಿನದಿನಕ್ಕೆ ಸಣ್ಣದಾಗಿ ಆರಿಹೋಯಿತು. ಬೆಟ್ಟದ ಚಳಿಗೆ ಇದು ಒಗ್ಗುವುದಿಲ್ಲ ಎಂದು ತೀರ್ಮಾನಿಸಿ ತಂಡ ಹೊರಟಿತು. ಊರಿನಲ್ಲಿ ಬೇರೆ ಯಾರಿಗೂ ಗುಂಡಿ ಸಿಗಲಿಲ್ಲ. ನೀನು ನನ್ನ ಹೆಗಲ ಮೇಲೇ ತಲೆಯಿಟ್ಟು ಅತ್ತೆ. "ನನ್ ಕೈಗುಣಾನೇ ಸರಿಯಿಲ್ಲ ಕಣಕ್ಕ." ನಾನು — ನಾನು ನಿನ್ನ ಬೆನ್ನು ಸವರಿದೆ. "ಓಗ್ಲಿ ಬುಡು" ಎಂದೆ.

ಈಗ ಗ್ಯಾಸು ತರುವ ಹಡಗು ತಡವಾಗಿದೆಯಂತೆ, ಸಿಲಿಂಡರು ತಾಳವಾಡಿ ಪೇಟೆಗೇ ಬಂದಿಲ್ಲ. ಬೇಲಿಯ ಹಸಿ ಉಣ್ಣಿಗಿಡದ ಕಡ್ಡಿ ಒಲೆಗಿಟ್ಟು ಊದುತ್ತಾ ನೀನು ಕೆಮ್ಮುವುದು ಗೋಡೆಯಾಚೆಯಿಂದ ಕೇಳುತ್ತದೆ. ನಿನಗೆ ಹೊಗೆ ಕೂಡದೆಂದು ಡಾಕ್ಟರು ಹೇಳಿದ್ದಾರೆ. ಹೊಗೆಯಿಲ್ಲದ ಉರಿಯನ್ನು ಕೊಂದವಳು ಈಚೆ ಕೂತಿದ್ದೇನೆ. ಕೆಮ್ಮಿಗಿಂತ ಇನ್ನೊಂದು ನನ್ನನ್ನು ಹೆಚ್ಚು ಸುಡುತ್ತದೆ. ಬಿತ್ತನೆಯ ಮೊದಲ ಹಿಡಿ ರಾಗಿ ಚೆಲ್ಲಲೂ ನೀನು ಹಿಂದೆ ಸರಿಯುತ್ತೀಯ — "ನನ್ ಕೈ ಬ್ಯಾಡ ಕಣಕ್ಕ, ನೀನೇ ಆಕು." ಇಷ್ಟು ವರ್ಷ ನಾನೇ ಹಾಕಿದ್ದೇನೆ.

ನಾಳೆ ಸೆಲ್ವಿ ಮತ್ತೆ ಬರುತ್ತಾಳೆ, ಆಗ ಬೇಡವೆಂದು ಬಿಟ್ಟ ಗುಂಡಿಗಳನ್ನೆಲ್ಲ ತಿರುಗಿ ನೋಡಲು. ಕೆಡಿಸಿದ್ದು ಚಳಿಯಲ್ಲ, ನಾನು ಎಂದು ಅವಳೆದುರು, ಮಾವನೆದುರು ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ. ಕ್ಷಮಿಸು ಎನ್ನುವ ಬಾಯಿ ನನಗಿಲ್ಲ. ಗುಂಡಿಯನ್ನು ಮತ್ತೆ ತುಂಬಿಸುವುದಾದರೆ ಮೊದಲ ಬುಟ್ಟಿ ಸಗಣಿ ನೀನೇ ಹಾಕಬೇಕು, ಮಾದೇವಿ. ಕೆಟ್ಟ ಕೈ ನಿನ್ನದಾಗಿರಲಿಲ್ಲ.