ಮೂಸದೆ ತಿಂದ ಉಂಡೆ

ಬೆಳಗ್ಗೆ ಎದ್ದು ಅಂಗಳ ಗುಡಿಸಿದೆ. ಹಾಲು ಕಾಯಿಸಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅವರೆಕಾಳು ನೆನೆಹಾಕಿದೆ. ಮಗಳ ನೀರಿನ ಬಾಟಲಿ ತೊಳೆದು, ಮುಚ್ಚಳ ತಿರುಗಿಸುವ ಮೊದಲು ಒಮ್ಮೆ ಮೂಸಿ ನೋಡಿದೆ. ಆಮೇಲೆ ಮೂವರೂ ಆಟೋ ಹತ್ತಿ ಅಗರದಿಂದ ಹೊನ್ನೂರಿಗೆ, ಮೇಷ್ಟ್ರ ತಿಥಿಗೆ ಹೋದೆವು.

ಬಾಟಲಿ ಮೂಸುವುದು ಅವರಿಂದ ಹತ್ತಿದ ಅಭ್ಯಾಸ. ಮೇಷ್ಟ್ರ ಮೂಗು ಉದ್ದ, ತುದಿ ಕೊಂಚ ಎಡಕ್ಕೆ ವಾಲಿತ್ತು. ಮಾತಿಗಿಂತ ಮೊದಲು ಆ ಮೂಗು ಮುಂದೆ ಬರುತ್ತಿತ್ತು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಯಳಂದೂರಿನ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಓಟ ಕಲಿಸುತ್ತಿದ್ದರು. ಮಕ್ಕಳು ತಂದ ಬುತ್ತಿ, ನೀರು, ಕೆಮ್ಮಿನ ಔಷಧಿ, ಎಲ್ಲವನ್ನೂ ಮೂಸಬೇಕು. ‘ಯಾರ್ ಕೊಟ್ರು? ಯಾಕ್ ಕೊಟ್ರು?’ ಇದು ಅವರ ದಿನದ ಮಾತು. ಕೊಳ್ಳೇಗಾಲದ ಇನ್ನೊಬ್ಬ ತರಬೇತುದಾರರು ಬಾಳೆಹಣ್ಣು ಕೊಟ್ಟರೆ ಸಿಪ್ಪೆಯ ಮೇಲೆ ಸೂಜಿ ಗುರುತಿದೆಯೇ ಎಂದು ನೋಡಿದ್ದರಂತೆ. ನಾವು ಅಮ್ಮಂದಿರು ನಗುತ್ತಿದ್ದೆವು.

ಮೈಸೂರಿನ ಕೂಟದಲ್ಲಿ ಮಗಳು ಗೆದ್ದಳು. ಅಲ್ಲೇ ಉದ್ದೀಪನ ಮದ್ದಿನ ತಪಾಸಣೆಗೆಂದು ಮೂತ್ರದ ಮಾದರಿ ತೆಗೆದುಕೊಂಡರು. ಕೆಲವು ವಾರ ಬಿಟ್ಟು ಸುದ್ದಿ ಬಂತು: ಅದರಲ್ಲಿ ಗಾಂಜಾ ಇದೆ. ಕೈಗೆ ಬಂದಿದ್ದ ಕ್ರೀಡಾ ಹಾಸ್ಟೆಲಿನ ಸೀಟು ತೂಗಾಡತೊಡಗಿತು.

ಅಂದಿನಿಂದ ಮನೆಯಲ್ಲಿ ಯಾರ ಮೇಲೆ ಯಾರಿಗೂ ನಂಬಿಕೆ ಉಳಿಯಲಿಲ್ಲ. ನಾನು ಮಗಳ ಬ್ಯಾಗಿನ ಹೊಲಿಗೆ ಬಿಚ್ಚಿ ನೋಡಿದೆ. ಅವಳ ಗೆಳತಿಯರ ಕಣ್ಣು ಕೆಂಪಗಿವೆಯೇ ಎಂದು ನೋಡಿದೆ. ದಿನವೂ ಓಟ ಮುಗಿದ ಮೇಲೆ ಮೇಷ್ಟ್ರು ತಮ್ಮ ಮನೆಯಿಂದ ತಂದ ರಾಗಿ ಅಂಬಲಿ ಕೊಡುತ್ತಿದ್ದರು. ಅದರಲ್ಲೇನು ಬೆರೆಸುತ್ತಿದ್ದರೋ ಎಂಬುದೂ ತಲೆಗೆ ಬಂತು. ಅವರಿಗೋ ನಮ್ಮ ಅಡುಗೆಮನೆ ಮೇಲೆ ಗುಮಾನಿ. ಒಂದು ಮಧ್ಯಾಹ್ನ ಬಂದವರೇ ಡಬ್ಬಿಗಳ ಮುಚ್ಚಳ ತೆಗೆದು ಒಂದೊಂದನ್ನೇ ಮೂಸತೊಡಗಿದರು.

‘ಗಸಗಸೆ ಪಾಯಸ ಮಾಡಿದ್ದಾ?’

‘ಇಲ್ಲ ಮೇಷ್ಟ್ರೇ. ನಿಮ್ ಅಂಬಲೀಲಿ ಏನಿತ್ತು?’ ಎಂದೇಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. ‘ಕೇಳ್ಬೇಕಾದ್ದೇ ಕಣವ್ವ. ನನ್ನೂ ನಂಬ್ಬೇಡ’ ಎಂದು ಜೀರಿಗೆ ಡಬ್ಬಿಗೆ ಮೂಗಿಟ್ಟರು.

ಜಗಲಿಯಲ್ಲಿ ಕೂತಿದ್ದ ಅತ್ತೆಗೆ ತಾಳ್ಮೆ ಕೆಟ್ಟಿತು. ‘ನಮ್ ಡಬ್ಬಿನೆಲ್ಲ ಯಾಕ್ ಮೂಸೀರಿ ಸಾ? ಮೈಸೂರ್ ಓಟುಕ್ ಮುಂಚೆ ಅನೂರ್ ಕಡೆ ಗದ್ದುಗೆಗೆ ಓಗಿದ್ವಲ್ಲ, ಅಲ್ಲಿ ಕೊಟ್ಟ ಉಂಡೆನ ನೀವೂ ಕಣ್ಗೊತ್ಕಂಡು ತಿಂದ್ರಲ್ಲ. ಆವಾಗೆಲ್ ಓಗಿತ್ತು ಈ ಮೂಗು?’

‘ಆ ಉಂಡೇಲೇನಿತ್ತವ್ವ?’

‘ಬೆಲ್ಲ, ಕೊಬ್ರಿ, ಒಸಿ ಬಂಗಿ ಸೊಪ್ಪು. ನಮ್ ತಾತ್ನ ಕಾಲ್ದಿಂದ್ಲೂ ಅಂಗೇ.’

‘ಬಂಗಿನೇ ಗಾಂಜಾ ಕಣವ್ವ!’

‘ಗಾಂಜಾ ಸೇದೋದು ಸಾ. ಇದು ತಿನ್ನೋದು, ದೇವ್ರುದು’ ಎಂದರು ಅತ್ತೆ, ಏನೂ ಆಗದವರಂತೆ.

ಮೇಷ್ಟ್ರು ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕುಳಿತರು. ನಮ್ಮ ಮನೆದೇವರ ಗದ್ದುಗೆಗೆ ಹರಕೆ ಒಪ್ಪಿಸಲು ಅವರನ್ನೂ ಕರೆದೊಯ್ದಿದ್ದೆವು. ಉಂಡೆ ನೋಡಿ ಮಗಳು ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದಿದ್ದಳು. ‘ಪ್ರಸಾದ ಮೂಸ್ಬಾರ್ದು ಮಗ, ಎಂಜಲಾಯ್ತದೆ. ಬಾಯ್ಗಾಕು’ ಎಂದು ಕೈ ತಡೆದವರು ಇದೇ ಮೇಷ್ಟ್ರು.

ತಪಾಸಣೆಯವರ ವಿಚಾರಣೆ ಮೊಬೈಲಿನಲ್ಲೇ ನಡೆಯಿತು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಎಲ್ಲರೂ ಚಾಪೆಯ ಮೇಲೆ ಕುಳಿತೆವು. ಕೂಟಕ್ಕೆ ಮೊದಲೇ, ಓಟಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಸೇವಿಸಿದ್ದು ಎಂದು ತೋರಿಸಿದರೆ ನಿಷೇಧ ಮೂರು ತಿಂಗಳು. ಅವರು ಹೇಳಿದ ಚಟ ಬಿಡಿಸುವ ಚಿಕಿತ್ಸೆ ಮುಗಿಸಿದರೆ ಒಂದೇ ತಿಂಗಳು. ತೋರಿಸಲಾಗದಿದ್ದರೆ ವರ್ಷಗಳು. ನಮ್ಮ ಮಾತನ್ನು ಅವರು ನಂಬುವಂತೆ ಕಾಣಲಿಲ್ಲ. ಹೆತ್ತವರು ಹೀಗೇ ಹೇಳುತ್ತಾರೆ ಎಂಬ ಮುಖ. ಆಗ ಮೇಷ್ಟ್ರು ಫೋನಿನ ಮುಂದೆ ಸರಿದರು.

‘ಎಲ್ಲಾನೂ ಮೂಸೋನು ಸಾ ನಾನು. ಅದೊಂದ್ನ ಮೂಸ್ನಿಲ್ಲ. ಮಗಿಗೂ ಬುಡ್ನಿಲ್ಲ. ತಿನ್ನು ಅಂದೋನು ನಾನೇ, ಬರ್ಕಳಿ.’

‘ಇದರಿಂದ ನಿಮಗೇ ತೊಂದರೆಯಾಗಬಹುದು’ ಎಂದಿತು ಆ ಕಡೆಯ ದನಿ.

‘ಗೊತ್ತು, ಬರ್ಕಳಿ.’

ಮೂರು ತಿಂಗಳೆಂದು ಆಯಿತು. ಮೈಸೂರಿಗೆ ಚಿಕಿತ್ಸೆಗೆ ಹೋಗಲು ಮಗಳು ಒಪ್ಪಲಿಲ್ಲ. ‘ನಾನೇನ್ ಗಾಂಜಾ ಸೇದೋಳಾ?’ ಎಂದು ಅತ್ತಳು. ‘ಅಲ್ಲ ಕಣ್ ಮಗ. ಸುಮ್ನೆ ಕೂತು ಅವ್ರು ಯೋಳೋದ್ನ ಕೇಳ್ಕಂಡ್ ಬಾ, ಎರಡ್ ತಿಂಗ್ಳು ಉಳೀತದೆ’ ಎಂದರು ಮೇಷ್ಟ್ರು. ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ನಡೆದು ಬಂದು, ‘ಅಲ್ಲಿ ಟೀ ಕೊಟ್ರೆ ಮೂಸ್ಬುಟ್ ಕುಡಿ!’ ಎಂದು ಕೂಗಿದರು.

ಸೀಟು ಉಳಿಯಿತು. ಮೇಷ್ಟ್ರಿಗೆ ಮಾತ್ರ ಮೈದಾನಕ್ಕೆ ಬರಬೇಡಿ ಎಂದರು. ಮಕ್ಕಳಿಗೆ ಗಾಂಜಾ ತಿನ್ನಿಸಿದವರು ಎಂದು ಊರೂ ಓರೆಗಣ್ಣಿನಲ್ಲಿ ನೋಡಿತು. ಅವರು ಕಾಂಪೌಂಡಿನ ಹೊರಗೆ ನಿಂತು, ಗೋಡೆಯ ಮೇಲೆ ಮೂಗಷ್ಟೇ ಕಾಣುವಂತೆ ಓಟ ನೋಡುತ್ತಿದ್ದರು. ಮಗಳು ರಜೆಗೆ ಬಂದಾಗಲೆಲ್ಲ ಮೈದಾನ ಬಿಟ್ಟು, ಆ ಗೋಡೆಯ ಹೊರಗಿನ ಮಣ್ಣುದಾರಿಯಲ್ಲೇ ಓಡಿದಳು. ಹತ್ತು ದಿನದ ಹಿಂದೆ ಮೇಷ್ಟ್ರು ಎದೆನೋವೆಂದು ಮಲಗಿದವರು ಏಳಲಿಲ್ಲ.

ತಿಥಿಯಲ್ಲಿ ಮೇಷ್ಟ್ರ ಹೆಂಡತಿ ಎಡೆಗಿಟ್ಟ ಕಜ್ಜಾಯವೊಂದನ್ನು ಮಗಳ ಕೈಗಿಟ್ಟರು. ಎಡೆಯದ್ದನ್ನು ಯಾರೂ ಮೂಸುವುದಿಲ್ಲ. ಅವಳು ಕಣ್ಣಿಗೊತ್ತಿಕೊಂಡು ಕೈಯಲ್ಲೇ ಹಿಡಿದುಕೊಂಡಳು. ಆಕೆಯೇ ಅವಳ ಕೈಯನ್ನು ಮೂಗಿನ ತನಕ ಎತ್ತಿ, ‘ಮೂಸ್ಬುಟ್ ತಿನ್ನು ಮಗ. ಅವ್ರು ಅಲ್ಲಿಂದ್ಲೇ ನೋಡ್ತಿರ್ತಾರೆ’ ಎಂದರು. ಮಗಳು ಮೂಸಿದಳು, ತಿಂದಳು, ಆಮೇಲೆ ಅತ್ತಳು.

ಸಂಜೆ ಮನೆಗೆ ಬಂದು ಮುದ್ದೆ, ಅವರೆಕಾಳಿನ ಸಾರು ಮಾಡಿದೆ. ಅತ್ತೆ ಅರ್ಧ ಮುದ್ದೆ ಉಂಡರು. ಮೊದಲು ಮಲಗಿದವಳು ಮಗಳು, ಬೆಳಗ್ಗೆ ಓಟವಿದೆ.